ಕಾರವಾರದಿಂದ ಜಿನೀವಾಕ್ಕೆ: ಹಕ್ಕಿನ ಮಾತಾಡಲು ವಿದೇಶಕ್ಕೆ ಹೊರಡುವ ಅಂಗವಿಕಲರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಂಗವಿಕಲರ ಹಕ್ಕಿಗಾಗಿ ಓಡಾಡುವವರು ಈಗ ಸಾಕಷ್ಟು ಜನ ಇದ್ದಾರೆ. ಗ್ರಾಮಸಭೆಯಲ್ಲಿ ಎದ್ದು ಅಂಗವಿಕಲರಿಗೆ ಮೀಸಲಾದ ಶೇ. 5ರ ಅನುದಾನ ಎಲ್ಲಿ ಹೋಯಿತು ಎಂದು ಕೇಳುವವರು, ಯುಡಿಐಡಿ ಕಾರ್ಡಿಗಾಗಿ (ಅಂಗವಿಕಲರ ರಾಷ್ಟ್ರೀಯ ಗುರುತಿನ ಚೀಟಿ) ಜೊಯಿಡಾದಿಂದ ಕಾರವಾರದವರೆಗೆ ಜನರನ್ನು ಕರೆತರುವವರು, ಶಿರಸಿಯ ಬಸ್ಸಿನ ಮೆಟ್ಟಿಲಿಗಾಗಿ ಅರ್ಜಿ ಬರೆಯುವವರು. ಇವರಲ್ಲಿ ಯಾರಿಗಾದರೂ ಒಂದು ದಿನ ಜಿನೀವಾ ಅಥವಾ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಸಭೆಯಲ್ಲಿ ಮಾತಾಡುವ ಅವಕಾಶ ಸಿಗಬಹುದು. ಆಗ ‘ನನ್ನ ಕೈಲಿ ಆಗುತ್ತಾ’ ಎಂದು ಹಿಂಜರಿಯಬೇಡಿ. ಆಗುತ್ತದೆ. ಅದಕ್ಕೆ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾನು ವೀಲ್‌ಚೇರ್ ಬಳಸುವವಳು. ಹಾಗಾಗಿ ವೀಲ್‌ಚೇರಿನ ವಿಷಯವೇ ಜಾಸ್ತಿ ಬಂದಿದೆ. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಬೇಕಾದ್ದನ್ನೂ ಅಲ್ಲಲ್ಲಿ ಸೇರಿಸಿದ್ದೇನೆ. ಎಲ್ಲ ಹಂತಕ್ಕೂ ಒಂದೇ ನಿಯಮ: ಬೇಕಾದ್ದನ್ನು ಮೊದಲೇ ಕೇಳಿ, ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಫೋನಿನಲ್ಲಿ ‘ಆಯ್ತು ಮೇಡಂ, ನೋಡ್ಕೋತೀವಿ’ ಅಂದದ್ದು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಎಲ್ಲಿಗೆ ಹೋಗುವುದು

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರ ಡಿಸೆಂಬರ್ 13ರಂದು ಅಂಗೀಕಾರವಾಯಿತು. ಭಾರತ 2007ರ ಅಕ್ಟೋಬರ್ 1ರಂದು ಅದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾನೂನು ಬಂದದ್ದು ಇದನ್ನು ಜಾರಿಗೆ ತರಲೆಂದೇ. ಒಪ್ಪಿದ ದೇಶಗಳು ಏನು ಮಾಡಿವೆ ಎಂದು ನೋಡಲು 18 ತಜ್ಞರ ಸಮಿತಿ ಇದೆ. ಅದು ಸೇರುವುದು ಜಿನೀವಾದಲ್ಲಿ, ಸಾಮಾನ್ಯವಾಗಿ ಮಾರ್ಚ್ ಮತ್ತು ಆಗಸ್ಟ್ ಹೊತ್ತಿಗೆ. ಒಪ್ಪಿದ ದೇಶಗಳೆಲ್ಲ ಸೇರುವ ಸಮ್ಮೇಳನ ನ್ಯೂಯಾರ್ಕಿನಲ್ಲಿ, ಸಾಮಾನ್ಯವಾಗಿ ಜೂನ್‌ನಲ್ಲಿ.

ಮೊದಲ ಸಲ ಹೋಗುವವರಿಗೆ ಜಿನೀವಾ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನ್ಯೂಯಾರ್ಕಿನಲ್ಲಿ ದೊಡ್ಡ ಜಾತ್ರೆ, ಜನರ ಪರಿಚಯ ಆಗುತ್ತದೆ. ಜಿನೀವಾದಲ್ಲಿ ನಮ್ಮ ದೇಶದ ಸರದಿ ಬಂದಾಗ ಸಮಿತಿಯವರು ನಮ್ಮ ಮಾತು ಕೇಳಿ, ಅದನ್ನೇ ಪ್ರಶ್ನೆ ಮಾಡಿ ಸರ್ಕಾರದ ಮುಂದಿಡುತ್ತಾರೆ. ಭಾರತದ ಮೊದಲ ವರದಿಯ ಪರಿಶೀಲನೆ 2019ರಲ್ಲಿ ಆಯಿತು. ಆಗ ಸಮಿತಿ ಏನು ಹೇಳಿತು ಎಂಬ ದಾಖಲೆ ವಿಶ್ವಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತದೆ. ಹೊರಡುವ ಮೊದಲು ಅದನ್ನು ಓದಲೇಬೇಕು.

ಒಂದು ಮಾತು ಗೊತ್ತಿರಲಿ. ಒಬ್ಬ ವ್ಯಕ್ತಿಯ ಅಹವಾಲನ್ನು ನೇರವಾಗಿ ಸಮಿತಿಗೆ ಕೊಡಲು ಐಚ್ಛಿಕ ಶಿಷ್ಟಾಚಾರ ಎಂಬ ಬೇರೆ ಒಪ್ಪಂದ ಇದೆ. ಭಾರತ ಅದಕ್ಕೆ ಸೇರಿಲ್ಲ. ಆದ್ದರಿಂದ ‘ನನ್ನ ಪಿಂಚಣಿ ನಿಂತಿದೆ’ ಎಂಬ ದೂರು ಅಲ್ಲಿ ದಾಖಲಾಗುವುದಿಲ್ಲ. ಅದೇ ಪಿಂಚಣಿ ತಾಲ್ಲೂಕಿನಲ್ಲಿ ಎಷ್ಟು ಜನರಿಗೆ ನಿಂತಿದೆ, ಯಾವ ನಿಯಮದಿಂದ ನಿಂತಿದೆ ಎಂದು ತೋರಿಸಿದರೆ ಕೇಳುತ್ತಾರೆ.

ಒಬ್ಬರೇ ಹೋಗಿ ಬಾಗಿಲು ತಟ್ಟಲು ಆಗುವುದಿಲ್ಲ, ಒಂದು ಸಂಸ್ಥೆಯ ಹೆಸರಿನಲ್ಲೇ ನೋಂದಣಿ ಆಗಬೇಕು. ದೆಹಲಿ, ಬೆಂಗಳೂರಿನ ಅಂಗವಿಕಲರ ಒಕ್ಕೂಟಗಳ ಜೊತೆ ಸೇರಿ. ಜಿನೀವಾದಲ್ಲಿರುವ ಇಂಟರ್‌ನ್ಯಾಷನಲ್ ಡಿಸೆಬಿಲಿಟಿ ಅಲಯನ್ಸ್ ಹೀಗೆ ಬರುವ ಸಂಘಟನೆಗಳಿಗೆ ನೆರವಾಗುತ್ತದೆ.

ಊರಿನ ವಿಷಯವನ್ನೇ ಹೊತ್ತೊಯ್ಯಿರಿ

ಪ್ರಯಾಣದ ತಯಾರಿಗಿಂತ ಇದಕ್ಕೆ ಜಾಸ್ತಿ ದಿನ ಕೊಡಿ. ‘ಭಾರತದಲ್ಲಿ ಅಂಗವಿಕಲರಿಗೆ ಬಹಳ ಕಷ್ಟ ಇದೆ’ ಎಂದು ಹೇಳಲು ಅಷ್ಟು ದೂರ ಹೋಗಬೇಕಾಗಿಲ್ಲ. ಅದು ಅವರಿಗೆ ಗೊತ್ತು. ಕುಮಟಾದಲ್ಲಿ, ಸಿದ್ದಾಪುರದಲ್ಲಿ ಏನಾಗುತ್ತಿದೆ ಎಂಬುದು ನೀವು ಹೇಳದಿದ್ದರೆ ಗೊತ್ತಾಗುವುದಿಲ್ಲ.

ನಮ್ಮ ಕರಾವಳಿಯಿಂದ ಹೋಗುವವರಿಗೆ ಒಂದು ವಿಷಯ ಸೂಚಿಸುತ್ತೇನೆ: ಮಳೆಗಾಲ. 2019ರ ಆಗಸ್ಟ್‌ನಲ್ಲಿ ಕಾಳಿ ನದಿ ಉಕ್ಕಿ ಕದ್ರಾ ಅಣೆಕಟ್ಟಿನ ಕೆಳಗಿನ ಊರುಗಳಿಗೆ ನೀರು ನುಗ್ಗಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಮಣ್ಣು ಗಂಗಾವಳಿ ನದಿಗೆ ಬಿತ್ತು. ಇಂಥ ಹೊತ್ತಿನಲ್ಲಿ ಮೈಕಿನಲ್ಲಿ ಕೂಗಿದ ಎಚ್ಚರಿಕೆ ಕಿವುಡರಿಗೆ ತಲುಪುತ್ತದಾ? ಹಾಸಿಗೆ ಹಿಡಿದವರನ್ನು ಎತ್ತಿ ದೋಣಿಗೆ ಹಾಕುವವರು ಯಾರು? ನೆರೆ ಬಂದಾಗ ಜನರನ್ನು ಇರಿಸಲು ಕಾಳಜಿ ಕೇಂದ್ರ ಎಂದು ತೆರೆಯುವ ಶಾಲೆಯ ಶೌಚಾಲಯದೊಳಗೆ ವೀಲ್‌ಚೇರ್ ಹೋಗುತ್ತದಾ?

ಒಡಂಬಡಿಕೆಯ 11ನೇ ವಿಧಿ ಇದೇ ವಿಷಯದ್ದು. ನಮ್ಮ 2016ರ ಕಾನೂನಿನ 8ನೇ ಸೆಕ್ಷನ್ ಇನ್ನೂ ಖಚಿತವಾಗಿ ಹೇಳುತ್ತದೆ: ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರಗಳ ದಾಖಲೆ ಇಟ್ಟುಕೊಂಡಿರಬೇಕು, ಅಪಾಯದ ಮುನ್ಸೂಚನೆ ಅವರಿಗೆ ಮುಟ್ಟುವ ಹಾಗೆ ಮಾಡಬೇಕು. ಆ ದಾಖಲೆ ಇದೆಯಾ? ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಾಗಾಗಿ ಅಂಗವಿಕಲರ ದಾಖಲೆಯ ಬಗ್ಗೆ ಒಂದು ಅರ್ಜಿ, ಕಾಳಜಿ ಕೇಂದ್ರಕ್ಕೆ ಇನ್ನೊಂದು. ಬಂದ ಉತ್ತರವೇ ನಿಮ್ಮ ಕೈಯಲ್ಲಿನ ದಾಖಲೆ. ಉತ್ತರ ಬಾರದಿದ್ದರೆ ಅದೂ ದಾಖಲೆಯೇ.

ಜೊತೆಗೆ ಜನರ ಮಾತು ಬೇಕು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಗೊತ್ತಿರುತ್ತದೆ. ಅವರ ಜೊತೆ ಹೋಗಿ ಕೂತು ಕೇಳಿ. ಹೆಸರು, ಫೋಟೊ ಬಳಸುವುದಕ್ಕೆ ಒಪ್ಪಿಗೆ ಬರೆಸಿಕೊಳ್ಳಿ. ಒಪ್ಪದಿದ್ದರೆ ಹೆಸರಿಲ್ಲದೆ ಬಳಸಿ. ಕೊಂಕಣಿ ಮಾತಾಡುವವರ ಮಾತನ್ನು ಕೊಂಕಣಿಯಲ್ಲೇ ಬರೆದುಕೊಂಡು ಆಮೇಲೆ ಅನುವಾದ ಮಾಡಿಸಿ.

ಅಲ್ಲಿ ಸಿಗುವ ಸಮಯ ಎರಡು ಮೂರು ನಿಮಿಷ, ಅಷ್ಟೇ. ಮಾತು ಈ ಥರ ಇರಲಿ:

“ನಾನು ಭಾರತದ ಪಶ್ಚಿಮ ಕರಾವಳಿಯ ಉತ್ತರ ಕನ್ನಡ ಜಿಲ್ಲೆಯವಳು. ನಮ್ಮಲ್ಲಿ ಪ್ರತಿ ಮಳೆಗಾಲ ನೆರೆ ಬರುತ್ತದೆ, ಗುಡ್ಡ ಕುಸಿಯುತ್ತದೆ. ಅಂಗವಿಕಲರ ವಿವರಗಳ ದಾಖಲೆ ಜಿಲ್ಲಾಡಳಿತದ ಹತ್ತಿರ ಇರಬೇಕು ಎಂದು ನಮ್ಮ ಕಾನೂನೇ ಹೇಳುತ್ತದೆ. ನಾವು ಕೇಳಿದಾಗ ಸಿಕ್ಕ ಉತ್ತರ ಇದು. ದಯವಿಟ್ಟು ನಮ್ಮ ಸರ್ಕಾರವನ್ನು ಎರಡು ಪ್ರಶ್ನೆ ಕೇಳಿ. ಎಷ್ಟು ಜಿಲ್ಲೆಗಳಲ್ಲಿ ಈ ದಾಖಲೆ ಇದೆ? ಮುನ್ನೆಚ್ಚರಿಕೆ ಕಿವುಡರಿಗೆ ತಲುಪಿಸಲು ಏನು ವ್ಯವಸ್ಥೆ ಇದೆ?”

ನೋಡಿ, ಇದರಲ್ಲಿ ಅಳು ಇಲ್ಲ. ಊರು, ಕಾನೂನು, ಸಾಕ್ಷಿ, ಪ್ರಶ್ನೆ ಇವಿಷ್ಟೇ ಇವೆ. ತಜ್ಞರು ಆ ಪ್ರಶ್ನೆಯನ್ನು ಹಾಗೆಯೇ ಎತ್ತಿಕೊಳ್ಳಬಹುದು. ಬರಹದ ವರದಿಯನ್ನು ಇಂಗ್ಲಿಷಿನಲ್ಲಿ, ವರ್ಡ್ ಫೈಲಿನಲ್ಲಿ ಕಳಿಸಿ. ಸ್ಕ್ಯಾನ್ ಮಾಡಿದ ಚಿತ್ರವನ್ನು ಕಣ್ಣು ಕಾಣದ ಸದಸ್ಯರ ಸ್ಕ್ರೀನ್ ರೀಡರ್ (ಬರಹವನ್ನು ಓದಿ ಹೇಳುವ ತಂತ್ರಾಂಶ) ಓದುವುದಿಲ್ಲ.

ಖರ್ಚು ಮತ್ತು ಅನುಮತಿ

ಕರೆಯುವವರಿಗೆ ಮೊದಲ ಪತ್ರದಲ್ಲೇ ನಿಮ್ಮ ಅಗತ್ಯಗಳ ಪಟ್ಟಿ ಕೊಡಿ. ಜೊತೆಗೆ ಬರುವವರ ಟಿಕೆಟ್, ಊಟ, ವಸತಿ, ವಿಮೆ, ಸಂಜ್ಞಾ ಭಾಷೆಯ ದುಭಾಷಿ, ವೀಲ್‌ಚೇರ್ ಹತ್ತುವ ಟ್ಯಾಕ್ಸಿ, ಎಲ್ಲವೂ ಅದರಲ್ಲಿ ಬರಲಿ. ಕೇಳಲು ಸಂಕೋಚ ಬೇಡ. ಸಹಾಯಕರಿಲ್ಲದೆ ನೀವು ಅಲ್ಲಿಗೆ ತಲುಪಲು ಆಗುವುದಿಲ್ಲ ಎಂದಾದರೆ ಅವರ ಖರ್ಚೂ ನಿಮ್ಮ ಪ್ರಯಾಣದ ಖರ್ಚೇ, ಅಲ್ವಾ?

ಟಿಕೆಟ್ ಮತ್ತು ಹೋಟೆಲನ್ನು ಅವರೇ ನೇರವಾಗಿ ಬುಕ್ ಮಾಡಿದರೆ ತಲೆಬಿಸಿ ಕಡಿಮೆ. ನಿಮ್ಮ ಸಂಘದ ಖಾತೆಗೆ ವಿದೇಶಿ ಹಣ ಬರುವುದಾದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಅನುಮತಿ ಬೇಕು. ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ಸರ್ಕಾರಿ ನೌಕರಿಯಲ್ಲಿ, ಸರ್ಕಾರಿ ನಿಗಮದಲ್ಲಿ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ವಿದೇಶಿ ಸಂಸ್ಥೆಯ ಖರ್ಚಿನಲ್ಲಿ ಹೋಗಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು, ಇಲಾಖೆಯ ಅನುಮತಿ ಅದರ ಮೇಲೆ. ಮೀಸಲಾತಿಯಲ್ಲಿ ಕೆಲಸ ಸಿಕ್ಕ ನಮ್ಮವರು ಬಹಳ ಜನ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕರೆ ಬಂದ ದಿನವೇ ಫೈಲು ಶುರು ಮಾಡಿ.

ಪಾಸ್‌ಪೋರ್ಟ್, ವೀಸಾ, ವಿಮೆ

ಕರೆ ಬರುವ ತನಕ ಕಾಯಬೇಡಿ, ಪಾಸ್‌ಪೋರ್ಟ್ ಈಗಲೇ ಮಾಡಿಸಿ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿಯ ಸೇವಾ ಕೇಂದ್ರ ಅನುಕೂಲ. ಇಳಿಜಾರು, ಲಿಫ್ಟ್ ಇದೆಯಾ, ಅಂಗವಿಕಲರಿಗೆ ಸರದಿಯಲ್ಲಿ ಆದ್ಯತೆ ಹೇಗೆ ಎಂದು 1800-258-1800ಕ್ಕೆ ಫೋನ್ ಮಾಡಿ ಕೇಳಬಹುದು.

ಸ್ವಿಟ್ಜರ್‌ಲೆಂಡಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾ) ಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಗಡುವಿನವರೆಗೆ ತಳ್ಳಬೇಡಿ. ದೊಡ್ಡವರಿಗೆ ಶುಲ್ಕ 90 ಯೂರೊ. ಬೆರಳಚ್ಚು ಕೊಡಬೇಕು. ಬೆರಳಿಲ್ಲದವರಿಗೆ, ಬೆರಳಚ್ಚು ಕೊಡಲು ದೈಹಿಕವಾಗಿ ಸಾಧ್ಯವೇ ಇಲ್ಲದವರಿಗೆ ಅದರಿಂದ ವಿನಾಯಿತಿ ಇದೆ. ಕೌಂಟರಿನವರಿಗೆ ಇದು ಗೊತ್ತಿಲ್ಲದಿರಬಹುದು, ವೈದ್ಯರ ಪತ್ರ ಕೈಯಲ್ಲಿರಲಿ. ಅಮೆರಿಕಕ್ಕಾದರೆ ಸಂದರ್ಶನ ಇರುತ್ತದೆ. ಕರಾವಳಿಯವರಿಗೆ ಮುಂಬೈ ಹತ್ತಿರ, ಮತ್ಸ್ಯಗಂಧ ರೈಲಿನಲ್ಲಿ ಸಂಜೆ ಹೊರಟರೆ ಬೆಳಿಗ್ಗೆ ಅಲ್ಲಿ. ಆದರೆ ಸಂದರ್ಶನದ ದಿನಾಂಕ ಸಿಗಲು ತಿಂಗಳುಗಟ್ಟಲೆ ಆಗಬಹುದು.

ಕರೆಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ‘ಇವರು ಸಹಾಯಕರು, ಇವರಿಲ್ಲದೆ ಪ್ರಯಾಣ ಸಾಧ್ಯವಿಲ್ಲ’ ಎಂಬ ಸಾಲು ಬೇಕೇ ಬೇಕು. ಒಬ್ಬರಿಗೆ ವೀಸಾ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ ಇಬ್ಬರ ಪ್ರಯಾಣವೂ ನಿಂತ ಹಾಗೆ.

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವಿಮೆ ಕಡ್ಡಾಯ. ಅಗ್ಗದ ಪಾಲಿಸಿಗಳಲ್ಲಿ ಮೊದಲೇ ಇರುವ ತೊಂದರೆಗಳನ್ನು ಬಿಟ್ಟಿರುತ್ತಾರೆ. ಬೆನ್ನುಹುರಿ ಪೆಟ್ಟಾದವರಿಗೆ ಮೂತ್ರದ ಸೋಂಕು, ಒತ್ತಡದ ಹುಣ್ಣು ಬಂದರೆ ‘ಇದು ಹಳೆಯ ಕಾಯಿಲೆ’ ಎಂದು ಕೈಯೆತ್ತಬಹುದು. ಅದು ಸೇರಿದೆಯಾ ಎಂದು ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಯುಡಿಐಡಿ ಕಾರ್ಡ್ ಒಯ್ಯಿರಿ, ಆದರೆ ವಿದೇಶದಲ್ಲಿ ಅದನ್ನು ಗುರುತಿಸುವುದಿಲ್ಲ. ಇಂಗ್ಲಿಷಿನಲ್ಲಿ ವೈದ್ಯರ ಪತ್ರ ಬೇಕು: ತೊಂದರೆ ಏನು, ಯಾವ ಸಾಧನ, ಯಾವ ಔಷಧ. ಔಷಧದ ಮೂಲ ಹೆಸರು ಬರೆಸಿ. ಕಂಪನಿಯ ಹೆಸರು ಅಲ್ಲಿನ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ.

ವಿಮಾನ: ಇಲ್ಲಿ ಮೈಯೆಲ್ಲ ಕಣ್ಣಾಗಿರಬೇಕು

2012ರಲ್ಲಿ ಜೀಜಾ ಘೋಷ್ ಎಂಬ ಹೋರಾಟಗಾರ್ತಿ ಕೋಲ್ಕತ್ತಾದಿಂದ ನಮ್ಮ ಪಕ್ಕದ ಗೋವಾಕ್ಕೆ ಹೊರಟಿದ್ದರು. ಅಂಗವಿಕಲರ ವಿಷಯದ ಸಮ್ಮೇಳನಕ್ಕೇ. ಅವರಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಚಲನೆಯ ಮೇಲೆ ಹಿಡಿತ ತಪ್ಪುವ ಸ್ಥಿತಿ) ಇದೆ. ವಿಮಾನದಲ್ಲಿ ಕೂತಿದ್ದವರನ್ನು ಇಳಿಸಿಬಿಟ್ಟರು. ಅವರು ಸುಮ್ನೆ ಬಿಡಲಿಲ್ಲ. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ತೀರ್ಪಿನ ಮೊದಲ ಪುಟದ ಪ್ರತಿ ನಿಮ್ಮ ಚೀಲದಲ್ಲಿರಲಿ.

ಟಿಕೆಟ್ ಬುಕ್ ಮಾಡುವಾಗಲೇ ನಿಮ್ಮ ಅಗತ್ಯ ದಾಖಲಾಗಬೇಕು. ಕಡೇ ಪಕ್ಷ 48 ಗಂಟೆ ಮೊದಲು ತಿಳಿಸಿರಬೇಕು. ವಿಮಾನದವರಿಗೆ ಸಂಕೇತಾಕ್ಷರಗಳಿವೆ. ಸ್ವಲ್ಪ ನಡೆಯಬಲ್ಲ, ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲು ಹತ್ತಲಾಗದವರಿಗೆ ಡಬ್ಲ್ಯುಸಿಎಚ್‌ಎಸ್. ಸೀಟಿನ ತನಕ ಕೂರಿಸಿ ಒಯ್ಯಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ. ನಡೆಯಲಾಗದವರ ಟಿಕೆಟಿನಲ್ಲಿ ಕೊನೆಯಕ್ಷರ ‘ಸಿ’ ಇರಲೇಬೇಕು. ‘ಆರ್’ ಎಂದು ಹಾಕಿದ್ದರೆ ವಿಮಾನದ ಬಾಗಿಲಲ್ಲಿ ‘ಏಳಿ’ ಅನ್ನುತ್ತಾರೆ. ಏಜೆಂಟರು ಬಹಳ ಸಲ ‘ಆರ್’ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಟಿಕೆಟ್ ತೆರೆದು ನೀವೇ ನೋಡಿ.

ಬ್ಯಾಟರಿ ವೀಲ್‌ಚೇರಾದರೆ ಲೆಕ್ಕ ಮಾಡಿಕೊಳ್ಳಿ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 24 ವೋಲ್ಟ್, 12 ಆಂಪಿಯರ್-ಅವರ್ ಇದ್ದರೆ 288. ಕುರ್ಚಿಯಿಂದ ಬಿಚ್ಚಿ ತೆಗೆಯುವ ಲಿಥಿಯಂ ಬ್ಯಾಟರಿ 300ರ ಒಳಗಿದ್ದರೆ ಅದನ್ನು ಕೈಚೀಲದಲ್ಲಿ ಕ್ಯಾಬಿನ್ನಿಗೆ ಒಯ್ಯಬೇಕು. 300 ಮೀರಿದರೆ ಆಗುವುದಿಲ್ಲ, ಕೊಳ್ಳುವಾಗಲೇ ಇದು ನೆನಪಿರಲಿ. ಕುರ್ಚಿಯ ಉದ್ದ, ಅಗಲ, ಎತ್ತರ, ತೂಕ, ಬ್ಯಾಟರಿಯ ಬಗೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕಂಪನಿಗೆ ಇಮೇಲ್ ಮಾಡಿ.

ಇನ್ನು ಕುರ್ಚಿಯನ್ನು ಒಪ್ಪಿಸುವ ಕ್ರಮ. ವಿಮಾನದ ಬಾಗಿಲಿನ ತನಕ ನನ್ನ ಕುರ್ಚಿಯಲ್ಲೇ ಹೋಗುತ್ತೇನೆ ಎಂದು ಹಟ ಹಿಡಿಯಿರಿ. ಅಲ್ಲಿ ದಿಂಬು, ಕಾಲೊರಗು, ಜಾಯ್‌ಸ್ಟಿಕ್ಕು, ಪಕ್ಕದ ಹಲಗೆ, ಕಳಚುವುದನ್ನೆಲ್ಲ ಕಳಚಿ ಒಂದು ಚೀಲಕ್ಕೆ ಹಾಕಿ ಒಳಗೆ ಒಯ್ಯಿರಿ. ದಿಂಬನ್ನಂತೂ ಬಿಡಬೇಡಿ, ವಿಮಾನದ ಸೀಟಿನ ಮೇಲೆ ಹಾಕಿ ಅದರ ಮೇಲೆ ಕೂರಿ. ಕುರ್ಚಿಯ ಬೆನ್ನಿಗೆ ಲ್ಯಾಮಿನೇಟ್ ಮಾಡಿದ ಹಾಳೆ ಕಟ್ಟಿ. ಅದರಲ್ಲಿ ಕುರ್ಚಿಯ ಫೋಟೊ, ಎಲ್ಲಿ ಹಿಡಿದು ಎತ್ತಬೇಕು ಎಂಬುದಕ್ಕೆ ಹಸಿರು ಬಾಣ, ಎಲ್ಲಿ ಹಿಡಿಯಬಾರದು ಎಂಬುದಕ್ಕೆ ಕೆಂಪು ಅಡ್ಡಗೆರೆ. ಭಾಷೆ ಬಾರದವರಿಗೂ ಅರ್ಥವಾಗಬೇಕು. ಕೊಡುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ.

ಇಳಿದ ಮೇಲೆ ಕುರ್ಚಿ ಮುರಿದಿದ್ದರೆ ನಿಲ್ದಾಣ ಬಿಟ್ಟು ಹೊರಗೆ ಬರಬೇಡಿ. ಅಲ್ಲೇ ಹಾನಿಯ ವರದಿ ಬರೆಸಿ ಪ್ರತಿ ತೆಗೆದುಕೊಳ್ಳಿ. 7 ದಿನದೊಳಗೆ ಲಿಖಿತ ದೂರು ಹೋಗಬೇಕು. ವಿಮಾನ ಪ್ರಯಾಣದ ಪರಿಹಾರಕ್ಕಿರುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದಲ್ಲಿ ವೀಲ್‌ಚೇರೂ ಲಗೇಜಿನ ಲೆಕ್ಕ, ಪರಿಹಾರದ ಮಿತಿ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಅಂದರೆ ಎರಡು ಲಕ್ಷ ರೂಪಾಯಿಯ ಹತ್ತಿರ. ನಿಮ್ಮ ಕುರ್ಚಿ ಅದಕ್ಕಿಂತ ದುಬಾರಿಯಾದರೆ ಚೆಕ್-ಇನ್‌ನಲ್ಲೇ ಬೆಲೆಯ ವಿಶೇಷ ಘೋಷಣೆ ಮಾಡಿ. ಕುರ್ಚಿಯನ್ನು ಲಗೇಜು ಎಂದು ಎಣಿಸುವ ಈ ನಿಯಮವೇ ಅನ್ಯಾಯ. ಅದು ನಮ್ಮ ಕಾಲು. ಅಮೆರಿಕಕ್ಕೆ ಹೋಗಿ ಬರುವ ವಿಮಾನಗಳಲ್ಲಿ ತೊಂದರೆಯಾದರೆ ದೂರು ಪರಿಹಾರ ಅಧಿಕಾರಿಯನ್ನು ಕರೆಸಿ ಎಂದು ಕೇಳಿ. ಅಲ್ಲಿನ ಕಾನೂನಿನ ಪ್ರಕಾರ ಅಂಥವರನ್ನು ಕಂಪನಿ ಒದಗಿಸಲೇಬೇಕು.

ಶೌಚಾಲಯದ ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಸಣ್ಣ ವಿಮಾನಗಳ ಶೌಚಾಲಯಕ್ಕೆ ನಡೆಯಲಾಗದವರು ಹೋಗುವುದು ಬಹುತೇಕ ಅಸಾಧ್ಯ. ಎರಡು ನಡುದಾರಿಯ ದೊಡ್ಡ ವಿಮಾನವನ್ನೇ ಆರಿಸಿ, ಒಳಗೆ ಕಿರಿದಾದ ಗಾಲಿಕುರ್ಚಿ ಇದೆಯಾ ಎಂದು ಕೇಳಿ. ಕ್ಯಾತಿಟರ್ (ಮೂತ್ರ ತೆಗೆಯುವ ಕೊಳವೆ), ಮೂತ್ರದ ಚೀಲ, ಡೈಪರ್ ಯಾವುದು ನಿಮಗೆ ಸರಿ ಎಂದು ವೈದ್ಯರ ಹತ್ತಿರ ಕೇಳಿ, ಮನೆಯಲ್ಲೇ ಒಂದು ದಿನ ಬಳಸಿ ನೋಡಿ. ನೀರು ಕುಡಿಯದೆ ಉಪವಾಸ ಕೂರಬೇಡಿ, ಸೋಂಕು ಬರುತ್ತದೆ. ವಿಮಾನ ಬದಲಾಯಿಸುವಲ್ಲಿ ಮೂರು ಗಂಟೆಯಾದರೂ ಬಿಡುವಿರಲಿ.

ಊರಿಂದ ನಿಲ್ದಾಣಕ್ಕೆ

ಜಿನೀವಾದ ಆಗಸ್ಟ್ ಸಭೆ, ನ್ಯೂಯಾರ್ಕಿನ ಜೂನ್ ಸಭೆ ಎರಡೂ ನಮ್ಮ ಮಳೆಗಾಲಕ್ಕೇ ಬೀಳುತ್ತವೆ. ಆಗ ಕೊಂಕಣ ರೈಲು ನಿಧಾನದ ವೇಳಾಪಟ್ಟಿಯಲ್ಲಿ ಓಡುತ್ತದೆ. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಯಾವಾಗ ಮುಚ್ಚುತ್ತದೋ ಹೇಳಲಾಗದು. ಕಾರವಾರದವರಿಗೆ ಗೋವಾ ಹತ್ತಿರ, ಭಟ್ಕಳದವರಿಗೆ ಮಂಗಳೂರು, ಶಿರಸಿಯವರಿಗೆ ಹುಬ್ಬಳ್ಳಿ. ಗೋವಾದಲ್ಲಿ ದಾಬೋಳಿಮ್, ಮೋಪಾ ಎಂದು ಎರಡು ನಿಲ್ದಾಣ ಇವೆ, ಟಿಕೆಟಿನಲ್ಲಿ ಯಾವುದು ಎಂದು ನೋಡಿ. ಬೆಂಗಳೂರಿನಿಂದ ಹಾರುವುದಾದರೆ ಪಂಚಗಂಗಾ ರೈಲಿದೆ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ದೈಹಿಕ ಅಂಗವಿಕಲರಿಗೆ, ಕಣ್ಣು ಕಾಣದವರಿಗೆ ರೈಲಿನ ರಿಯಾಯಿತಿಯಲ್ಲಿ ಸ್ಲೀಪರ್‌ಗೆ ಶೇ. 75 ಕಡಿತ ಇದೆ, ಜೊತೆಗಿರುವವರಿಗೂ. ಯಾವುದರಲ್ಲೇ ಹೋಗಿ, ಒಂದು ದಿನ ಮೊದಲೇ ನಿಲ್ದಾಣದ ಊರು ಸೇರಿಕೊಳ್ಳಿ.

ಅಲ್ಲಿ ಇಳಿದ ಮೇಲೆ

ಹೋಟೆಲಿನವರಿಗೆ ‘ವೀಲ್‌ಚೇರ್ ರೂಮ್ ಇದೆಯಾ’ ಎಂದು ಕೇಳಿದರೆ ಇದೆ ಅನ್ನುತ್ತಾರೆ. ಬಾತ್‌ರೂಮಿನ ಬಾಗಿಲ ಅಗಲ ಎಷ್ಟು ಸೆಂಟಿಮೀಟರ್, ಸ್ನಾನದ ಜಾಗಕ್ಕೆ ಹೊಸ್ತಿಲು ಇದೆಯಾ, ಮಂಚದ ಎತ್ತರ ಎಷ್ಟು ಎಂದು ಕೇಳಿ, ಫೋಟೊ ತರಿಸಿ. ಜಿನೀವಾದ ಹೋಟೆಲುಗಳು ಉಳಿದುಕೊಳ್ಳುವವರಿಗೆ ಊರೊಳಗಿನ ಬಸ್ಸು, ಟ್ರಾಮಿನ ಉಚಿತ ಪಾಸ್ ಕೊಡುತ್ತವೆ. ವಿಶ್ವಸಂಸ್ಥೆಯ ಎದುರಿನ ಚೌಕಕ್ಕೆ 15ನೇ ನಂಬರಿನ ಟ್ರಾಮ್ ಹೋಗುತ್ತದೆ. ಆ ಚೌಕದಲ್ಲಿ 12 ಮೀಟರ್ ಎತ್ತರದ ಒಂದು ಮರದ ಕುರ್ಚಿ ನಿಂತಿದೆ, ಒಂದು ಕಾಲು ಮುರಿದದ್ದು. ನೆಲಬಾಂಬಿಗೆ ಸಿಕ್ಕವರ ಪರವಾಗಿ 1997ರಲ್ಲಿ ನಿಲ್ಲಿಸಿದ್ದು. ಅದರ ಕೆಳಗೆ ನಿಂತು ನೋಡಿ.

ವಿಶ್ವಸಂಸ್ಥೆಯ ಒಳಗೆ ಹೋಗಲು ಬೇಕಾದ ಬ್ಯಾಡ್ಜಿಗೆ ಆನ್‌ಲೈನ್ ನೋಂದಣಿ ಮೊದಲೇ ಆಗಿರಬೇಕು, ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಸಮಿತಿಯ ಸಭೆಗಳಲ್ಲಿ ಅಂತರರಾಷ್ಟ್ರೀಯ ಸಂಜ್ಞೆ ಮತ್ತು ತೆರೆಯ ಮೇಲೆ ಇಂಗ್ಲಿಷ್ ಬರಹ ಇರುತ್ತದೆ. ಆದರೆ ಅಂತರರಾಷ್ಟ್ರೀಯ ಸಂಜ್ಞೆ ಬೇರೆ, ನಮ್ಮ ಭಾರತೀಯ ಸಂಜ್ಞಾ ಭಾಷೆ ಬೇರೆ. ಕಿವುಡ ಗೆಳೆಯರು ನಮ್ಮ ದುಭಾಷಿಯನ್ನು ಜೊತೆಗೇ ಕರೆದೊಯ್ಯಬೇಕು. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೆ ನಾಚಿಕೆ ಬೇಡ. ಬರಹವನ್ನು ಮೊದಲೇ ಇಂಗ್ಲಿಷಿಗೆ ಮಾಡಿಸಿ ಕೊಟ್ಟು, ನೀವು ಕನ್ನಡದಲ್ಲಿ ಒಂದೆರಡು ಸಾಲು ಹೇಳಿ, ಉಳಿದದ್ದನ್ನು ಜೊತೆಗಾರರು ಓದಬಹುದಾ ಎಂದು ಸಂಘಟಕರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಚಾರ್ಜರಿನ ಮೇಲೆ 100–240 ವೋಲ್ಟ್ ಎಂದು ಬರೆದಿದೆಯಾ ನೋಡಿ, ನ್ಯೂಯಾರ್ಕಿನಲ್ಲಿ ಕರೆಂಟು 120 ವೋಲ್ಟಿನದ್ದು. ಅಲ್ಲಿ ಸಿಟಿ ಬಸ್ಸುಗಳಿಗೆಲ್ಲ ಇಳಿಜಾರು ಹಲಗೆ ಅಥವಾ ಲಿಫ್ಟ್ ಇರುತ್ತದೆ. ಸಬ್‌ವೇಯ ಎಷ್ಟೋ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಬಸ್ಸನ್ನೇ ನಂಬಿ. ಊಟ ಜಿನೀವಾದಲ್ಲಿ ವಿಪರೀತ ದುಬಾರಿ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಅಪ್ಪೆಮಿಡಿ ಉಪ್ಪಿನಕಾಯಿ ಬೇಕೇ ಬೇಕು ಅನ್ನುವವರು ಬಿಗಿಯಾಗಿ ಕಟ್ಟಿ ದೊಡ್ಡ ಚೀಲಕ್ಕೆ ಹಾಕಿ.

ಬಂದ ಮೇಲೆ

ಎರಡು ದಿನ ಮಲಗಿ. ಮೈ ಪೂರ್ತಿ ನೋಡಿಸಿಕೊಳ್ಳಿ, ಒತ್ತಡದ ಹುಣ್ಣು ಶುರುವಾಗಿ ಎಲ್ಲಾದರೂ ಕೆಂಪಾಗಿದೆಯಾ ಎಂದು. ಕುರ್ಚಿಯ ದೂರು ಬಾಕಿಯಿದ್ದರೆ 7 ದಿನ ಮುಗಿಯುವ ಮೊದಲು ಕಳಿಸಿ.

ಆಮೇಲೆ ಅಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಯಾರ ಮನೆಗೆ ಹೋಗಿ ಮಾತು ತಂದಿದ್ದಿರೋ ಅವರಿಗೆ ಮೊದಲು ಓದಿ ಹೇಳಿ, ನಂತರ ಪತ್ರಿಕೆಯವರಿಗೆ ಕೊಡಿ. ಸಮಿತಿಯ ಶಿಫಾರಸು ಬಂದಾಗ ಅದರ ಪ್ರತಿ, 8ನೇ ಸೆಕ್ಷನ್ನಿನ ಪ್ರತಿ, ಮಾಹಿತಿ ಹಕ್ಕಿನಲ್ಲಿ ಸಿಕ್ಕ ಉತ್ತರ ಮೂರನ್ನೂ ಸೇರಿಸಿ ಜಿಲ್ಲಾಧಿಕಾರಿಗೆ ಮನವಿ ಕೊಡಿ. ಒಂದು ಪ್ರತಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ, ಒಂದು ಪ್ರತಿ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಮಳೆಗಾಲದ ಪೂರ್ವಸಿದ್ಧತೆಯ ಸಭೆಗಳು ಮಳೆ ಹಿಡಿಯುವ ಮೊದಲೇ ನಡೆಯುತ್ತವೆ. ನಿಮ್ಮ ಮನವಿ ಏಪ್ರಿಲ್ ಒಳಗೆ ಮೇಜಿನ ಮೇಲಿರಲಿ, ಸಭೆಗೆ ಅಂಗವಿಕಲರ ಸಂಘದವರನ್ನೂ ಕರೆಯಿರಿ ಎಂಬ ಸಾಲು ಅದರಲ್ಲಿರಲಿ.